ವಾಲ್ಯೂಮ್ ಮುಟ್ಟದೆ ಕೇಳುವುದನ್ನು ಕಲಿತೆ

ಪೋಸ್ಟ್-ರಾಕ್, ಅಂದರೆ ರಾಕ್ ವಾದ್ಯಗಳಲ್ಲೇ ಹೆಚ್ಚಾಗಿ ಮಾತಿಲ್ಲದೆ ನಿಧಾನಕ್ಕೆ ಬೆಳೆಯುವ ಸಂಗೀತ, ಕೇಳಲು ಶುರು ಮಾಡಿದ ದಿನವೇ ನಾನು ಬೆಚ್ಚಿಬಿದ್ದೆ. ಮೊಗ್ವಾಯ್ ತಂಡದ 1997ರ ಆಲ್ಬಮ್ಮಿನಲ್ಲಿ ‘ಲೈಕ್ ಹೆರಾಡ್’ ಅಂತ ಒಂದು ಟ್ರ್ಯಾಕ್ ಇದೆ. ಮೊದಲಿಗೆ ಬರೀ ಬೇಸ್ ಗಿಟಾರ್, ಮೆಲ್ಲಗೆ ನುಡಿಯುವ ಡ್ರಮ್ಸ್. ಸರಿಯಾಗಿ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದೆ. ಆಮೇಲೆ ಒಮ್ಮೆಲೇ ಎಲ್ಲ ಗಿಟಾರ್‌ಗಳೂ ಅಪ್ಪಳಿಸಿದವು. ಹೆಡ್‌ಫೋನ್ ಕಿತ್ತು ಹಾಕಿದೆ, ಕಿವಿ ಗುಂಯ್ ಅನ್ನುತ್ತಿತ್ತು.

ಈಗ ವಾಲ್ಯೂಮ್ ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ಕೇಳಬೇಕಾದ ಟ್ರ್ಯಾಕಿನಲ್ಲಿ ಮುಂದೆ ಹೋಗಿ ನೋಡಿದರೆ ಅದರ ಸುಖವೇ ಹೋಗುತ್ತದೆ. ಅದಕ್ಕೆ ಅದೇ ಆಲ್ಬಮ್ಮಿನ ಬೇರೆ ಟ್ರ್ಯಾಕ್ ತೆಗೆದು, ಅದರ ಅತಿ ಜೋರಿನ ಜಾಗ ಕಿವಿಗೆ ಹಿತವಾಗುವಷ್ಟಕ್ಕೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಮುಟ್ಟುವುದಿಲ್ಲ. ಮೆಲುದನಿ ಬಂದಾಗ ಕಿವಿಯೇ ಅದರ ಹತ್ತಿರ ಹೋಗಬೇಕು. ಟ್ರ್ಯಾಕುಗಳನ್ನು ಹಿಂದುಮುಂದು ಮಾಡುವ ಶಫಲ್, ಒಂದರ ಕೊನೆಯನ್ನು ಇನ್ನೊಂದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಎರಡೂ ಬಂದ್. ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್ ತಂಡದ 2000ದ ಡಬಲ್ ಆಲ್ಬಮ್ಮಿನಲ್ಲಿ ಇರುವುದು ನಾಲ್ಕೇ ಟ್ರ್ಯಾಕ್, ಒಂದೊಂದೂ ಸುಮಾರು ಇಪ್ಪತ್ತು ನಿಮಿಷ. ಅದನ್ನು ತುಂಡು ಮಾಡಿ ಕೇಳಿದರೆ ಏನೂ ಉಳಿಯುವುದಿಲ್ಲ.

ನನ್ನ ದೊಡ್ಡ ಕಷ್ಟ ಬೇರೆ ಇತ್ತು. ಸ್ಫೋಟ ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂತುಬಿಡುತ್ತಿದ್ದೆ. ಅಲ್ಲಿಗೆ ಮುಟ್ಟುವ ದಾರಿಯೆಲ್ಲ ಸುಮ್ನೆ ಕಳೆದುಹೋಗುತ್ತಿತ್ತು. ಆಮೇಲೆ ಡ್ರಮ್ಸ್ ಒಂದನ್ನೇ ಹಿಡಿದು ಕೂರಲು ಶುರು ಮಾಡಿದೆ. ಗಿಟಾರ್ ಅದೇ ನಾಲ್ಕು ಸ್ವರ ಸುತ್ತುತ್ತಿರುತ್ತದೆ, ಆದರೆ ಸಿಂಬಲ್ ಮೇಲೆ ಸವರಿದಂತಿದ್ದ ಕೋಲು ಸ್ನೇರ್ ಡ್ರಮ್ಮಿಗೆ ಬಂದಿರುತ್ತದೆ, ಸ್ವಲ್ಪ ಹೊತ್ತಿಗೆ ಕಾಲಿನ ಡ್ರಮ್ಮೂ ಸೇರುತ್ತದೆ. ಸ್ವರ ಬದಲಾಗದೆಯೇ ಹಾಡು ಬೆಳೆದಿರುತ್ತದೆ. ಐಸ್‌ಲ್ಯಾಂಡಿನ ಸಿಗೂರ್ ರೋಸ್ ತಂಡ ಕೇಳುವಾಗಲೂ ಹೀಗೇ ಆಯಿತು. ಪಿಟೀಲಿನ ಗುಂಪು ಅಂತ ನಾನು ತುಂಬಾ ದಿನ ನಂಬಿದ್ದ ಆ ಉದ್ದನೆಯ ನಾದ, ಎಲೆಕ್ಟ್ರಿಕ್ ಗಿಟಾರ್ ಮೇಲೆ ಆ ತಂಡದ ಗಾಯಕ ಯೋನ್ಸಿ ಚೆಲ್ಲೋ ವಾದ್ಯದ ಕಮಾನು ಎಳೆದು ಬರಿಸಿದ್ದು! ಅದು ಗೊತ್ತಾದ ಮೇಲೆ ಕಮಾನು ತಂತಿಗೆ ತಾಗುವ ಕರಕರ ಸದ್ದೂ ಕೇಳತೊಡಗಿತು.

ಆಂಬಿಯೆಂಟ್‌ಗೆ, ಅಂದರೆ ಸುತ್ತಲಿನ ಸದ್ದಿನ ಜೊತೆ ಬೆರೆತು ಮೆಲ್ಲಗೆ ಹರಡಿಕೊಳ್ಳುವ ಸಂಗೀತಕ್ಕೆ, ಈ ಕ್ರಮ ನಡೆಯುವುದಿಲ್ಲ. 1975ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅಪಘಾತವಾಗಿ ಮಲಗಿದ್ದಾಗ, ಹಾರ್ಪ್ ಎಂಬ ತಂತಿವಾದ್ಯದ ರೆಕಾರ್ಡ್ ಒಂದು ತೀರಾ ಸಣ್ಣ ದನಿಯಲ್ಲಿ ನುಡಿಯುತ್ತಿತ್ತಂತೆ. ಎದ್ದು ಸರಿಮಾಡಲು ಆಗಲಿಲ್ಲ. ಮಳೆ ಸದ್ದಿನ ಜೊತೆಗೇ ಅದನ್ನು ಕೇಳಿದರು. ಅವರ ಆಂಬಿಯೆಂಟ್ ಸಂಗೀತಕ್ಕೆ ದಾರಿ ತೋರಿದ್ದು ಆ ಅನುಭವ. ನಾನೂ ಹೆಡ್‌ಫೋನ್ ಬಿಟ್ಟು ಸ್ಪೀಕರ್‌ನಲ್ಲಿ, ಫ್ಯಾನಿನ ಸದ್ದಿಗಿಂತ ಒಂಚೂರು ಮೇಲೆ ಇಟ್ಟು ಕೇಳುತ್ತೇನೆ.

ಅವರ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನ ಎರಡನೇ ಟ್ರ್ಯಾಕ್ ಪೂರ್ತಿ ‘ಆ’ ಅನ್ನುವ ದನಿಗಳೇ. ಒಂದೊಂದು ಸ್ವರಕ್ಕೂ ಬೇರೆ ಬೇರೆ ಉದ್ದದ ಟೇಪ್ ಲೂಪ್, ಅಂದರೆ ಎರಡು ತುದಿ ಸೇರಿಸಿ ಸುತ್ತುತ್ತಲೇ ಇರುವಂತೆ ಮಾಡಿದ ಟೇಪ್. ಒಂದು ಇಪ್ಪತ್ಮೂರುವರೆ ಸೆಕೆಂಡಿಗೊಮ್ಮೆ ಮರಳುತ್ತದೆ, ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಹೆಚ್ಚುಕಮ್ಮಿ 30ಕ್ಕೆ. ಹಾಗಾಗಿ ಯಾವ ಸ್ವರ ಯಾವುದರ ಜೊತೆ ಬೀಳುತ್ತದೆ ಅನ್ನುವುದು ಬದಲಾಗುತ್ತಲೇ ಇರುತ್ತದೆ. ಒಂದು ದಿನ ಒಂದೇ ಸ್ವರ ಹಿಡಿದು, ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ಕೂತೆ. ಐದಾರು ಸುತ್ತಿನ ತನಕ ಲೆಕ್ಕ ಇತ್ತು. ಆಮೇಲೆ ಆ ಸ್ವರ ಇನ್ನೊಂದರ ಬೆನ್ನಿಗೇ ಬಂತು, ಎರಡೂ ಕೂಡಿಕೊಂಡವು, ಗಡಿಯಾರ ನೋಡುವುದು ಮರೆತೇಹೋಯಿತು.