ಸಾಂಕ್ರಾಮಿಕ ರೋಗ ತಡ್ಕೊಳ್ಳೋ ಊರು ಬೇಕಾ? ಮೊದ್ಲು ಪೈಪ್ ನೋಡಿ

ರೋಗ ಹರಡ್ತಿದೆ ಅಂದ ತಕ್ಷಣ ಎಲ್ರೂ ಆಸ್ಪತ್ರೆ ಬೆಡ್ ಲೆಕ್ಕ ಹಾಕೋಕೆ ಕೂರ್ತಾರೆ, ಅದು ಬೇಡ ಅಂತಲ್ಲ, ಆದ್ರೆ ಊರಿನ ಪ್ಲಾನ್ ಹಾಕುವಾಗ ಮೊದ್ಲು ನೋಡ್ಬೇಕಾದ್ದು ನೀರು ಎಲ್ಲಿಂದ ಬರತ್ತೆ, ಕೊಳಚೆ ಎಲ್ಲಿಗೆ ಹೋಗತ್ತೆ, ಗಾಳಿ ಆಡತ್ತಾ ಇಲ್ವಾ ಅನ್ನೋದನ್ನ.

ನೀರಿಂದ ಶುರು ಮಾಡಿ. 1854ರಲ್ಲಿ ಲಂಡನ್ನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನೋ ಡಾಕ್ಟರು ಸತ್ತವರ ಮನೆಗಳನ್ನ ಮ್ಯಾಪಲ್ಲಿ ಗುರುತು ಹಾಕಿದ್ರು, ನೋಡಿದ್ರೆ ಹೆಚ್ಚಿನವು ಬ್ರಾಡ್ ಸ್ಟ್ರೀಟಿನ ಒಂದೇ ಕುಡಿಯೋ ನೀರಿನ ಪಂಪಿನ ಸುತ್ತಮುತ್ತ. ನೀವೂ ಮ್ಯಾಪ್ ಹಿಡಿರಿ: ನೀರಿನ ಲೈನ್ ಮೇಲೆ ಒಳಚರಂಡಿ ಲೈನ್ ಬರೆದು, ಎರಡೂ ಎಲ್ಲೆಲ್ಲಿ ಅಕ್ಕಪಕ್ಕ ಹೋಗಿವೆ, ಎಲ್ಲಿ ಚರಂಡಿ ಮೇಲಿದ್ದು ನೀರಿನ ಪೈಪ್ ಅದರ ಕೆಳಗಿದೆ ಅಂತ ಕೆಂಪು ಇಂಕಲ್ಲಿ ಸುತ್ತು ಹಾಕಿ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡೋ ಕಡೆ ಪೈಪ್ ಖಾಲಿಯಾಗಿ ಪ್ರೆಷರ್ ಬಿದ್ದಾಗ ಬಿರುಕಲ್ಲಿ ಹೊರಗಿನ ಕೊಳಕು ಒಳಗೆ ಎಳ್ಕೊಳತ್ತೆ, ಜೊತೆಗೆ ಜನ ಡ್ರಮ್ಮಲ್ಲಿ ನೀರು ತುಂಬಿಡ್ತಾರೆ, ಮುಚ್ಚದೆ ಬಿಟ್ರೆ ವಾರ ಹತ್ತು ದಿನದಲ್ಲಿ ಡೆಂಗ್ಯೂ ಸೊಳ್ಳೆ ರೆಡಿ. ಒಂದು ತಪ್ಪಿಗೆ ಎರಡು ರೋಗ. ಕ್ಲೋರಿನ್ ಚೆಕ್ ಮಾಡೋದು ಕೂಡ ನೀರು ಶುದ್ಧ ಮಾಡೋ ಪ್ಲಾಂಟಲ್ಲಿ ಅಷ್ಟೇ ಅಲ್ಲ, ಲೈನಿನ ಕೊನೇ ನಲ್ಲೀಲಿ, ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಸಿಗ್ಬೇಕು.

ಆಮೇಲೆ ಕಟ್ಟಡದ ಒಳಗೆ ಹೋಗಿ. 2003ರಲ್ಲಿ ಸಾರ್ಸ್ ಅನ್ನೋ ಉಸಿರಾಟದ ರೋಗ ಹರಡಿದ ಟೈಮಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಅನ್ನೋ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನಕ್ಕೆ ರೋಗ ಬಂತು, ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಬಾತ್‌ರೂಮ್ ನೆಲದ ಟ್ರ್ಯಾಪ್‌ಗಳ ಕಡೆ. ಟ್ರ್ಯಾಪ್ ಅಂದ್ರೆ ಚರಂಡಿ ಗಾಳಿ ಮೇಲೆ ಬರದ ಹಾಗೆ ನೀರು ನಿಲ್ಲಿಸ್ಕೊಳ್ಳೋ ಬಾಗಿದ ಪೈಪು, ಅದ್ರಲ್ಲಿ ನಿಲ್ಬೇಕಾದ ನೀರು ಒಣಗಿತ್ತು, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಚರಂಡಿ ಗಾಳಿ ಮನೆ ಒಳಗೇ ಬರ್ತಿತ್ತು. ಹಾಗಾಗಿ ಟ್ರ್ಯಾಪ್ ಇಲ್ಲದ ಪ್ಲಾನಿಗೆ ಒಪ್ಪಿಗೆ ಕೊಡ್ಬೇಡಿ, ಬಳಸದ ಬಚ್ಚಲಿಗೆ ಆಗಾಗ ಒಂದು ಚೊಂಬು ನೀರು ಹಾಕೋಕೆ ಜನಕ್ಕೆ ಹೇಳಿ, ಪುಕ್ಕಟೆ ಕೆಲಸ.

ಎತ್ತರದ ಕಟ್ಟಡ, ಜನ ಜಾಸ್ತಿ ಅಂತ ಊರನ್ನ ಬೈಯೋದು ನನಗೆ ಸರಿ ಕಾಣಲ್ಲ. ತೊಂದ್ರೆ ಇರೋದು ಕಿಟಕಿ ಇಲ್ಲದ ಒಂದೇ ರೂಮಲ್ಲಿ ಆರು ಜನ ಮಲಗೋದ್ರಲ್ಲಿ. ಎದುರುಬದುರು ಕಿಟಕಿ ಕಡ್ಡಾಯ ಮಾಡಿ, ಶಾಲೆ ಕ್ಲಾಸಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಡಿ, ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಆಸುಪಾಸು ಇರತ್ತೆ, ಒಳಗೆ 1000 ದಾಟಿದ್ರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ.

ನಡೆದು ಹೋಗೋ ದೂರದಲ್ಲಿ ಕ್ಲಿನಿಕ್, ಅಗಲ ಫುಟ್‌ಪಾತ್, ವಾರ್ಡ್ ಮಾಡ್ಕೊಳ್ಳೋಕೆ ಆಗೋ ಹಾಲ್ (ಟಾಯ್ಲೆಟ್, ರ‍್ಯಾಂಪ್ ಮೊದ್ಲೇ ಇರ್ಲಿ), ಇವೆಲ್ಲ ಗೊತ್ತಿರೋದೇ.

ಏರಿಯಾಗೆ ಒಂದೊಂದು ಮ್ಯಾನ್‌ಹೋಲ್ ಆರಿಸಿ ಕೊಳಚೆ ಸ್ಯಾಂಪಲ್ ತೆಗೆಸಿ. ಪೋಲಿಯೋ, ಕೋವಿಡ್ ವೈರಸ್ ಎರಡೂ ಅದ್ರಲ್ಲಿ ಸಿಗತ್ತೆ, ಜನ ಟೆಸ್ಟಿಗೆ ಬರ್ಲಿ ಬಿಡ್ಲಿ.

ಇನ್ನೊಂದು, ಆಫೀಸಲ್ಲಿರೋ ಪೈಪ್ ಮ್ಯಾಪನ್ನ ಪೂರ್ತಿ ನಂಬ್ಬೇಡಿ. ಯಾರೇ ರಸ್ತೆ ಅಗೆದ್ರೂ ಟೇಪ್ ಹಿಡ್ಕೊಂಡು ಓಡಿ, ಗುಂಡಿ ಮುಚ್ಚೋ ಮುಂಚೆ ಯಾವ ಪೈಪ್ ಎಷ್ಟು ಆಳದಲ್ಲಿದೆ ಅಂತ ಬರ್ಕೊಂಡು ಬನ್ನಿ.