ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಅಳೆದು ನೋಡಿ

ಸಂಘ, ಡೈರಿ ನಡೆಸುವವರಿಗೆ ಒಂದು ಸಲಹೆ. ವರ್ಷದ ಶುರುವಿನಲ್ಲಿ ಹತ್ತು ಗುರಿ ಬರೆದು ಫೈಲಿಗೆ ಹಾಕಬೇಡಿ. ಒಂದನ್ನೇ ಹಿಡಿಯಿರಿ.

ಮಂಡ್ಯ ಹತ್ತಿರದ ನಮ್ಮೂರ ಡೈರಿಯಲ್ಲಿ ಬೆಳಿಗ್ಗೆ ಕ್ಯೂ ಜಾಸ್ತಿ ಆಗುತ್ತಿತ್ತು. ಹಾಲಿನ ಫ್ಯಾಟ್ (ಕೊಬ್ಬು) ಅಳೆಯುವ ಇನ್ನೊಂದು ಮಷಿನ್ ತರೋಣ ಅಂತ ಎಲ್ಲರೂ ಅಂದರು. ಅದಕ್ಕೆ ಮುಂಚೆ ಒಂದು ವಾರ, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಅಂತ ನೋಟ್‌ಬುಕ್ಕಿನಲ್ಲಿ ಬರೆದೆವು. ತಡ ಆಗುತ್ತಿದ್ದದ್ದು ಮಷಿನ್ನಿನಿಂದ ಅಲ್ಲ! ಪಾಸ್‌ಬುಕ್ ಮರೆತು ಬಂದವರ ನಂಬರ್ ಹುಡುಕುವುದರಿಂದ. ಪ್ರತಿ ಕ್ಯಾನಿನ ಮೇಲೂ ಕೆಂಪು ಪೇಂಟಿನಲ್ಲಿ ಸದಸ್ಯರ ನಂಬರ್ ಬರೆಸಿದೆವು. ಮುಂದಿನ ವಾರ ಮತ್ತೆ ಟೈಮ್ ಬರೆದೆವು. ಮಕ್ಕಳನ್ನು ಸ್ಕೂಲಿಗೆ ಕಳಿಸುವ ಹೊತ್ತಿಗೆ ಹೆಂಗಸರೆಲ್ಲ ಮನೆ ಸೇರಿದ್ದರು.

ಯೋಜನೆ, ಕೆಲಸ, ಪರಿಶೀಲನೆ, ತಿದ್ದುಪಡಿ. ಇದಕ್ಕೆ ಇಂಗ್ಲಿಷಿನಲ್ಲಿ ಪಿಡಿಸಿಎ (ಪ್ಲಾನ್, ಡು, ಚೆಕ್, ಆ್ಯಕ್ಟ್) ಅಂತಾರೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಲ್ಲಿ ಜಪಾನಿನಲ್ಲಿ ಕೊಟ್ಟ ಉಪನ್ಯಾಸಗಳಿಂದ ಅಲ್ಲಿನವರು ಬೆಳೆಸಿಕೊಂಡ ಕ್ರಮ ಇದು. ನಾವು ಸಾಮಾನ್ಯವಾಗಿ ಬಿಟ್ಟುಬಿಡುವುದು ಮೂರನೆಯದನ್ನು, ಅಲ್ವಾ? ಅದಕ್ಕೇ ಹೇಳುತ್ತಿದ್ದೇನೆ. ಮೀಟಿಂಗ್ ರಿಜಿಸ್ಟರಿನಲ್ಲಿ ಸುಮ್ನೆ ತೀರ್ಮಾನ ಬರೆದು ಸಹಿ ಹಾಕಬೇಡಿ. ಅದರ ಪಕ್ಕದಲ್ಲೇ ಯಾವ ದಿನ, ಯಾರು ಪರಿಶೀಲಿಸುತ್ತಾರೆ ಅಂತಲೂ ಬರೆಯಿರಿ.