ಪಿಯಾನೋ ಕಲಿಯುವ ಮಗುವಿನ ಕಾಲಡಿಗೆ ಒಂದು ಮಣೆ ಇಡಿ

ಮಗಳು ಪಿಯಾನೋ ಶುರು ಮಾಡಿದಾಗ ಹತ್ತು ನಿಮಿಷಕ್ಕೇ ಭುಜ ನೋವು ಅನ್ನುತ್ತಿದ್ದಳು. ಕಾರಣ ಕುರ್ಚಿ! ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಪಾದ ಗಾಳಿಯಲ್ಲಿ ತೂಗಾಡಬಾರದು. ಕೂರುವಲ್ಲಿ ಮಡಚಿದ ಜಮಖಾನ ಹಾಕಿ, ಕಾಲಡಿ ಅಡುಗೆಮನೆಯ ಮಣೆ ಇಟ್ಟೆವು. ಬಿಗಿದಿದ್ದ ಭುಜ ತಾನಾಗಿ ಇಳಿಯಿತು.

ಚಿಕ್ಕ ಮಕ್ಕಳಿಗೆ ದಿನಾ 15 ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಬೇಡಿ. ತಪ್ಪಾದಾಗ ಇಡೀ ಹಾಡನ್ನು ಮೊದಲಿಂದ ನುಡಿಸುವುದು ಬೇಡ. ತಪ್ಪಿದ ಆ ಎರಡು ಬಾರ್ (ತಾಳದ ಲೆಕ್ಕದಲ್ಲಿ ಹಾಡಿನ ಚಿಕ್ಕ ತುಂಡು) ಮಾತ್ರ, ಎಡಗೈ ಒಂದೇ, ನಿಧಾನವಾಗಿ. ಆಮೇಲೆ ಬಲಗೈ, ನಂತರ ಎರಡೂ. ಒಳಗಿನಿಂದ "ತಪ್ಪು" ಅಂತ ಸುಮ್ನೆ ಕೂಗಬೇಡಿ, ಮಕ್ಕಳಿಗೆ ತುಂಬಾ ನೋವಾಗುತ್ತದೆ. ಪಕ್ಕದಲ್ಲಿ ಕೂತು ಕೇಳಿ.

61 ಕೀಗಳ ಕೀಬೋರ್ಡಿನಲ್ಲೂ ಶುರು ಮಾಡಬಹುದು. ಪಿಯಾನೋದಲ್ಲಿ 88 ಕೀ, ಒತ್ತಲು ಜಾಸ್ತಿ ಬಲ ಬೇಕು. ಮುಂದೆ ಕೊಳ್ಳುವಾಗ ವೆಯ್ಟೆಡ್ ಕೀ (ಪಿಯಾನೋದಂತೆಯೇ ಒತ್ತಲು ಭಾರವೆನಿಸುವ ಕೀ) ಇರುವ ಕೀಬೋರ್ಡನ್ನೇ ನೋಡಿ.